ಸಿಇಟಿ ರ‍್ಯಾಂಕಿನಲ್ಲಿ ಪಿಯು ಅಂಕ: ಅರ್ಧ ಪಾಲು ನಿಜಕ್ಕೂ ಅರ್ಧವೇ?

ಸಿಇಟಿ ಫಲಿತಾಂಶ ಪ್ರಕಟವಾದ ದಿನ ರಾಜ್ಯದ ಸಾವಿರಾರು ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಸಿಇಟಿಯಲ್ಲಿ ಸಹಪಾಠಿಗಿಂತ ಹತ್ತು ಅಂಕ ಹೆಚ್ಚು ಬಂದಿದ್ದರೂ ರ‍್ಯಾಂಕ್ ಮಾತ್ರ ಅವರಿಗಿಂತ ಕೆಳಗೆ ಬಂದದ್ದು ಹೇಗೆ? ಪಿಯು ಅಂಕವನ್ನೂ ಅರ್ಧ ಸೇರಿಸುತ್ತಾರೆ ಎಂಬ ಉತ್ತರ ಕೂಡಲೇ ಸಿಗುತ್ತದೆ, ಆದರೆ ಆ ಉತ್ತರದಿಂದ ಗೊಂದಲ ತಗ್ಗುವುದಿಲ್ಲ. ಅರ್ಧವೆಂದರೆ ಯಾವುದರ ಅರ್ಧ, ಬೇರೆ ಬೇರೆ ಬೋರ್ಡುಗಳಲ್ಲಿ ಓದಿದವರ ಅರ್ಧಗಳು ಸಮವೇ, ಹಿಂದಿನ ವರ್ಷ ಪಿಯು ಮುಗಿಸಿದವರ ಅರ್ಧಕ್ಕೂ ಈ ವರ್ಷದವರ ಅರ್ಧಕ್ಕೂ ಒಂದೇ ಬೆಲೆಯೇ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಇವುಗಳಲ್ಲಿ ಕೊನೆಯದು 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತ್ತು. 2025ರ ಜುಲೈನಲ್ಲಿ ಕೇರಳದಲ್ಲಿ ಇದೇ ಬಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು; ಅದಕ್ಕೂ ಮುನ್ನ ಹೈಕೋರ್ಟಿನಲ್ಲೇ ಪ್ರಕಟವಾಗಿದ್ದ ರ‍್ಯಾಂಕ್ ಪಟ್ಟಿಯೇ ರದ್ದಾಯಿತು.

ಚರ್ಚೆಯೆಲ್ಲ ಸಾಮಾನ್ಯವಾಗಿ 50:50 ಇರಬೇಕೋ 75:25 ಇರಬೇಕೋ ಎಂಬ ಅನುಪಾತದ ಸುತ್ತಲೇ ತಿರುಗುತ್ತದೆ. ಲೆಕ್ಕವನ್ನು ಬಿಡಿಸಿ ನೋಡಿದರೆ ಅನುಪಾತಕ್ಕಿಂತ ದೊಡ್ಡ ಸಂಗತಿಗಳು ಬೇರೆಯೇ ಇರುವುದು ಕಾಣುತ್ತದೆ.

ರ‍್ಯಾಂಕ್ ಹುಟ್ಟುವ ಬಗೆ

ಎಂಜಿನಿಯರಿಂಗ್ ಸೀಟಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ಗಣಿತದಲ್ಲಿ ತಲಾ 60 ಅಂಕಗಳಿಗೆ, ಅಂದರೆ ಒಟ್ಟು 180 ಅಂಕಗಳಿಗೆ ಸಿಇಟಿ ನಡೆಸುತ್ತದೆ. ಎಲ್ಲವೂ ನಾಲ್ಕು ಆಯ್ಕೆಗಳ ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಇವೇ ಮೂರು ವಿಷಯಗಳಲ್ಲಿ ದ್ವಿತೀಯ ಪಿಯುಸಿ ಅಂಕಗಳು ಒಟ್ಟು 300ಕ್ಕೆ ಇರುತ್ತವೆ. ಎರಡನ್ನೂ ಶೇಕಡಾವಾರಿಗೆ ಇಳಿಸಿ, ತಲಾ ಅರ್ಧ ತೆಗೆದು ಕೂಡಿಸಿದರೆ ಬರುವ ಸಂಖ್ಯೆಯೇ ರ‍್ಯಾಂಕಿಗೆ ಆಧಾರ. ಸರ್ಕಾರಿ ಸೀಟುಗಳ ಆಯ್ಕೆಗೆ ಸಂಬಂಧಿಸಿದ 2006ರ ನಿಯಮಗಳು ಈ ಲೆಕ್ಕಕ್ಕೆ ಕಾನೂನಿನ ಬಲ ಕೊಟ್ಟಿವೆ.

180 ಅಂಕಗಳನ್ನು 50ಕ್ಕೆ ಇಳಿಸಿದಾಗ ಸಿಇಟಿಯ ಒಂದು ಅಂಕದ ಬೆಲೆ ಸುಮಾರು 0.28 ಆಗುತ್ತದೆ. 300 ಅಂಕಗಳನ್ನು 50ಕ್ಕೆ ಇಳಿಸಿದಾಗ ಪಿಯು ಒಂದು ಅಂಕದ ಬೆಲೆ ಸುಮಾರು 0.17. ಅಂದರೆ ಸಿಇಟಿಯ ಮೂರು ಪ್ರಶ್ನೆಗಳು ಪಿಯುಸಿಯ ಐದು ಅಂಕಗಳಿಗೆ ಸಮ. ಸಿಇಟಿಯಲ್ಲಿ ಹತ್ತು ಅಂಕ ಮುಂದಿರುವ ವಿದ್ಯಾರ್ಥಿಯು ಪಿಯುಸಿಯ ಮೂರು ವಿಷಯಗಳಲ್ಲಿ ಒಟ್ಟು 17 ಅಂಕ ಹಿಂದಿದ್ದರೆ ಆ ಮುನ್ನಡೆಯೆಲ್ಲ ಕರಗಿಹೋಗುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ. ಉಳಿದವು ಇಷ್ಟು ಸರಳವಲ್ಲ.

ಒಂದು ಅಂಕದ ಈ ಬೆಲೆಯೂ ಪ್ರತಿವರ್ಷ ಸ್ಥಿರವಾಗಿ ಉಳಿಯುವುದಿಲ್ಲ. 2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಪಾಠಗಳ ಪ್ರಶ್ನೆಗಳು ನುಸುಳಿದವು. ಪ್ರತಿಭಟನೆಗಳಾದ ಮೇಲೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಲಾಯಿತು. ಅನ್ಯಾಯ ಸರಿಹೋಯಿತು ಎಂದು ಆಗ ಹೇಳಲಾಯಿತು; ಆದರೆ ಪ್ರಶ್ನೆಗಳು ಕಡಿಮೆಯಾದಂತೆ ಉಳಿದ ಪ್ರತಿ ಪ್ರಶ್ನೆಯೂ ಭಾರವಾಗುತ್ತದೆ, ಒಂದು ತಪ್ಪು ಗುರುತಿನ ದಂಡವೂ ಹೆಚ್ಚುತ್ತದೆ. ಕೈಬಿಟ್ಟ ಪ್ರಶ್ನೆಗಳ ಮೇಲೆ ಪರೀಕ್ಷಾ ಕೊಠಡಿಯಲ್ಲಿ ಕಳೆದ ನಿಮಿಷಗಳು ಯಾರಿಗೂ ಮರಳಿ ಸಿಗಲಿಲ್ಲ.

ತೂಕಕ್ಕಿಂತ ಹರವು ಮುಖ್ಯ

ಎರಡು ಅಂಕಗಳಿಗೆ ತಲಾ ಅರ್ಧ ತೂಕ ಕೊಟ್ಟರೆ ಎರಡೂ ಫಲಿತಾಂಶವನ್ನು ಸಮನಾಗಿ ನಿರ್ಧರಿಸುತ್ತವೆ ಎಂದು ಹೆಚ್ಚಿನವರು ಭಾವಿಸುತ್ತಾರೆ. ಇದು ತಪ್ಪು ಗ್ರಹಿಕೆ. ರ‍್ಯಾಂಕ್ ಎಂಬುದು ಒಬ್ಬರಿಂದ ಇನ್ನೊಬ್ಬರಿಗಿರುವ ಅಂತರದ ಲೆಕ್ಕ. ಎಲ್ಲರಿಗೂ ಒಂದೇ ಅಂಕ ಬರುವ ಪರೀಕ್ಷೆಗೆ ಶೇ 90ರಷ್ಟು ವೇಟೇಜ್ ಕೊಟ್ಟರೂ ಅದು ಯಾರನ್ನೂ ಮೇಲೆ ಏರಿಸುವುದಿಲ್ಲ, ಯಾರನ್ನೂ ಕೆಳಗೆ ಇಳಿಸುವುದಿಲ್ಲ. ಆದ್ದರಿಂದ ಕಾಗದದ ಮೇಲಿನ ತೂಕಕ್ಕಿಂತ ಅಂಕಗಳು ಎಷ್ಟು ಅಗಲಕ್ಕೆ ಹರಡಿಕೊಂಡಿವೆ ಎಂಬುದು ನಿರ್ಣಾಯಕ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಹೆಸರುವಾಸಿ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ಸೀಟಿಗೆ ಪೈಪೋಟಿಗಿಳಿದವರ ಪಿಯು ಅಂಕಗಳು ಶೇ 90ರಿಂದ 98ರ ನಡುವೆಯೂ ಅವರ ಸಿಇಟಿ ಅಂಕಗಳು ಶೇ 35ರಿಂದ 75ರ ನಡುವೆಯೂ ಇವೆ ಎಂದುಕೊಳ್ಳೋಣ. ಅರ್ಧಕ್ಕಿಳಿಸಿದಾಗ ಪಿಯು ಭಾಗದಿಂದ ಒಬ್ಬರಿಗೊಬ್ಬರಿಗೆ ಬರಬಹುದಾದ ಗರಿಷ್ಠ ಅಂತರ 4, ಸಿಇಟಿ ಭಾಗದಿಂದ 20. ನಿಯಮದಲ್ಲಿ 50:50 ಎಂದಿದ್ದರೂ ಈ ಸಾಲಿನಲ್ಲಿ ನಿಂತವರ ಭವಿಷ್ಯವನ್ನು ಬಹುಪಾಲು ಸಿಇಟಿಯೇ ತೀರ್ಮಾನಿಸುತ್ತದೆ.

ಪಿಯು ಅಂಕಗಳು ಮೇಲ್ತುದಿಯಲ್ಲಿ ಹೀಗೆ ಒತ್ತೊತ್ತಾಗಿ ಕೂರಲು ಪರೀಕ್ಷೆಯ ರಚನೆಯೇ ಒಂದು ಕಾರಣ. ಭೌತವಿಜ್ಞಾನ ಮತ್ತು ರಸಾಯನವಿಜ್ಞಾನದಲ್ಲಿ ತಲಾ 30 ಅಂಕ ಪ್ರಾಯೋಗಿಕ ಪರೀಕ್ಷೆಗೆ ಮೀಸಲು. 2023-24ರಿಂದ ಗಣಿತದಂಥ ವಿಷಯಗಳಿಗೂ 20 ಆಂತರಿಕ ಅಂಕಗಳು ಬಂದಿವೆ. ಅಂದರೆ 300ರಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಯ ಆಚೆಗಿನವು. ಪ್ರಾಯೋಗಿಕ ಪರೀಕ್ಷೆಯಲ್ಲಿ 30ಕ್ಕೆ 29 ಅಥವಾ 30 ಬರುವುದು ವಿಶೇಷವೇನಲ್ಲ. ಎಲ್ಲರಿಗೂ ಬರುವ ಅಂಕ ಶೇಕಡಾವಾರನ್ನು ಉಬ್ಬಿಸುತ್ತದೆಯೇ ಹೊರತು ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದಿಲ್ಲ.

ಕೆಳಗಿನ ಸಾಲಿನಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. ನಾಲ್ಕು ಆಯ್ಕೆಗಳಿದ್ದು ತಪ್ಪಿಗೆ ದಂಡವಿಲ್ಲದ ಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ಓದದೆ ಒಎಂಆರ್ ಹಾಳೆಯ ವೃತ್ತಗಳನ್ನು ತುಂಬಿದವರಿಗೂ ಸರಾಸರಿ ಕಾಲುಭಾಗ, ಅಂದರೆ 180ಕ್ಕೆ 45 ಅಂಕ ಸಿಗುತ್ತದೆ. ಅದೃಷ್ಟದ ಆಟದಲ್ಲಿ ಅದು ಐದಾರು ಅಂಕ ಆಚೀಚೆ ಆಗುವುದೂ ಸಹಜ. ಹೀಗಾಗಿ ತಯಾರಿ ಕಡಿಮೆಯಿರುವವರ ಸಿಇಟಿ ಅಂಕಗಳು 45ರಿಂದ 70ರ ಆಸುಪಾಸಿನಲ್ಲಿ ಗುಂಪುಗೂಡುತ್ತವೆ, ಅವರವರ ನಡುವಣ ವ್ಯತ್ಯಾಸದಲ್ಲಿ ಊಹೆಯ ಪಾಲೂ ಬೆರೆತಿರುತ್ತದೆ. ಇದೇ ಗುಂಪಿನವರ ಪಿಯು ಅಂಕಗಳು ಮಾತ್ರ ಶೇ 50ರಿಂದ 85ರವರೆಗೆ ಅಗಲವಾಗಿ ಹರಡಿರಬಹುದು. ಆಗ ರ‍್ಯಾಂಕನ್ನು ನಿರ್ಧರಿಸುವುದು ಪಿಯು ಅಂಕ. ಒಂದೇ ನಿಯಮ ಮೇಲಿನ ಸಾಲಿಗೆ ಪ್ರವೇಶ ಪರೀಕ್ಷೆಯಾಗಿ, ಕೆಳಗಿನ ಸಾಲಿಗೆ ಬೋರ್ಡ್ ಪರೀಕ್ಷೆಯಾಗಿ ಕೆಲಸ ಮಾಡುತ್ತದೆ.

2022ರ ರಿಪೀಟರ್‌ಗಳ ಪ್ರಕರಣ

ಈ ಲೆಕ್ಕದಲ್ಲಿ ಅಡಗಿದ್ದ ಅಪಾಯ ಎಲ್ಲರ ಕಣ್ಣಿಗೆ ಬಿದ್ದದ್ದು 2022ರಲ್ಲಿ. ಅದಕ್ಕೆ ಬೀಜ ಬಿದ್ದದ್ದು ಅದರ ಹಿಂದಿನ ವರ್ಷ. ಕೋವಿಡ್ ಕಾರಣದಿಂದ 2021ರ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ ಅಂಕಕ್ಕೆ ಶೇ 45, ಪ್ರಥಮ ಪಿಯು ಅಂಕಕ್ಕೆ ಶೇ 45, ಆಂತರಿಕ ಮೌಲ್ಯಮಾಪನಕ್ಕೆ ಶೇ 10 ಎಂದು ಹಂಚಿ ಫಲಿತಾಂಶ ಕೊಡಲಾಯಿತು. 600ಕ್ಕೆ 600 ಪಡೆಯುವವರು ಒಬ್ಬರು ಸಿಕ್ಕರೂ ಸುದ್ದಿಯಾಗುವ ರಾಜ್ಯದಲ್ಲಿ ಆ ವರ್ಷ 2,239 ವಿದ್ಯಾರ್ಥಿಗಳಿಗೆ ಪೂರ್ಣ ಅಂಕ ಬಂತು. ಇಂಥ ಅಂಕಗಳನ್ನು ನೆಚ್ಚಲಾಗದೆಂದು ಆ ವರ್ಷದ ರ‍್ಯಾಂಕನ್ನು ಸಿಇಟಿ ಅಂಕದ ಮೇಲೆಯೇ ನೀಡಲಾಯಿತು. ಎಲ್ಲರಿಗೂ ಒಂದೇ ಅಳತೆಗೋಲು ಇದ್ದುದರಿಂದ ದೊಡ್ಡ ತಕರಾರು ಏಳಲಿಲ್ಲ.

ಮರುವರ್ಷ 2021ರ ತಂಡದ ಸುಮಾರು 24 ಸಾವಿರ ವಿದ್ಯಾರ್ಥಿಗಳು ಮತ್ತೆ ಸಿಇಟಿ ಬರೆದರು. ಕೆಇಎ ಈ ರಿಪೀಟರ್‌ಗಳಿಗೆ ಸಿಇಟಿ ಅಂಕವನ್ನಷ್ಟೇ ಪರಿಗಣಿಸಿ, ಹೊಸಬರಿಗೆ ಪಿಯು ಅಂಕವನ್ನೂ ಸೇರಿಸಿ, ಎರಡೂ ಗುಂಪುಗಳನ್ನು ಒಂದೇ ಪಟ್ಟಿಯಲ್ಲಿ ಇಟ್ಟಿತು. ಇದರ ಪರಿಣಾಮವನ್ನು ಒಂದು ಲೆಕ್ಕ ಸ್ಪಷ್ಟಪಡಿಸುತ್ತದೆ. ಇಬ್ಬರಿಗೂ ಸಿಇಟಿಯಲ್ಲಿ 180ಕ್ಕೆ 99, ಅಂದರೆ ಶೇ 55 ಬಂದಿದೆ, ಇಬ್ಬರಿಗೂ ಪಿಯುನಲ್ಲಿ ಶೇ 95 ಇದೆ ಎನ್ನೋಣ. ಹೊಸಬರ ಅಂತಿಮ ಅಂಕ 95 ಮತ್ತು 55ರ ಸರಾಸರಿ, 75. ರಿಪೀಟರ್‌ಗೆ ಉಳಿಯುವುದು 55 ಮಾತ್ರ. ಸಿಇಟಿ ಕಠಿಣ ಪರೀಕ್ಷೆಯಾದ್ದರಿಂದ ಅಲ್ಲಿನ ಶೇಕಡಾವಾರು ಪಿಯು ಶೇಕಡಾವಾರಿಗಿಂತ ತೀರಾ ಕೆಳಗಿರುತ್ತದೆ. ಅದೊಂದನ್ನೇ ಹಿಡಿದರೆ 20 ಅಂಶಗಳ ಕೊರತೆ ತಾನಾಗಿ ಬೀಳುತ್ತದೆ. ಸಿಇಟಿ ಅಂಕ ಚೆನ್ನಾಗಿದ್ದರೂ ರ‍್ಯಾಂಕ್ ಲಕ್ಷದಾಚೆಗೆ ಜಾರಿತು ಎಂಬ ದೂರುಗಳು ಹುಟ್ಟಿದ್ದು ಹೀಗೆ.

ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು. ಪರೀಕ್ಷೆಯನ್ನೇ ಬರೆಯದೆ ಬಂದ ಉಬ್ಬಿದ ಅಂಕಗಳನ್ನು ಪರೀಕ್ಷೆ ಬರೆದು ಗಳಿಸಿದ ಅಂಕಗಳೊಂದಿಗೆ ತಕ್ಕಡಿಯಲ್ಲಿಟ್ಟರೆ 2022ರ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತದೆ ಎಂದು ಸರ್ಕಾರ ಹೇಳಿತು. ಪಿಯು ಅಂಕ ಕೈಬಿಡುವ ತೀರ್ಮಾನ 2021ಕ್ಕೆ ಮಾತ್ರ ಸೀಮಿತವಾಗಿತ್ತು, ನಿಯಮದಲ್ಲಿ 50:50 ಹಾಗೆಯೇ ಇದೆ ಎಂದು ವಿದ್ಯಾರ್ಥಿಗಳು ಹೇಳಿದರು. ಸೆಪ್ಟೆಂಬರ್ 3ರಂದು ಹೈಕೋರ್ಟಿನ ಏಕಸದಸ್ಯ ಪೀಠ ವಿದ್ಯಾರ್ಥಿಗಳ ಪರ ನಿಂತು, ರಿಪೀಟರ್‌ಗಳ ಪಿಯು ಅಂಕ ಕೈಬಿಟ್ಟಿದ್ದ ಕೆಇಎ ಟಿಪ್ಪಣಿಯನ್ನು ರದ್ದುಗೊಳಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ವಿಭಾಗೀಯ ಪೀಠದ ಮುಂದೆ ಮೂಡಿದ್ದು ರಾಜಿಸೂತ್ರ: ರಿಪೀಟರ್‌ಗಳ ಪಿಯು ಅಂಕವನ್ನೂ ಪರಿಗಣಿಸುವುದು, ಆದರೆ ಪ್ರತಿ ವಿಷಯದಲ್ಲಿ ಸರಾಸರಿ ಆರು ಅಂಕ ಕಳೆಯುವುದು. ಪರಿಷ್ಕೃತ ರ‍್ಯಾಂಕ್ ಪಟ್ಟಿ ಬಂದದ್ದು ಅಕ್ಟೋಬರ್ 1ರಂದು. ಮೂರು ವಿಷಯಗಳಿಗೆ 18 ಅಂಕ ಕಳೆದರೆ ಅಂತಿಮ ಲೆಕ್ಕದಲ್ಲಿ 3 ಅಂಶ ಕಡಿಮೆಯಾಗುತ್ತದೆ. ಇಪ್ಪತ್ತು ಅಂಶಗಳ ಹೊಡೆತ ಮೂರಕ್ಕೆ ಇಳಿಯಿತು ಎಂಬುದು ನಿಜವಾದರೂ, ಉಬ್ಬಿದ ಅಂಕ ಪಡೆದವರಿಗೂ ಪ್ರಾಮಾಣಿಕ ಅಂಕ ಪಡೆದವರಿಗೂ ಒಂದೇ ಕತ್ತರಿ ಬಿತ್ತು. ಅದನ್ನು ನ್ಯಾಯವೆನ್ನುವುದಕ್ಕಿಂತ, ಕೌನ್ಸೆಲಿಂಗ್ ಇನ್ನಷ್ಟು ತಡವಾಗದಿರಲೆಂದು ಮಾಡಿಕೊಂಡ ಹೊಂದಾಣಿಕೆ ಎನ್ನುವುದು ಸರಿ.

ಕೇರಳದಲ್ಲಿ ಆಟದ ನಡುವೆ ಬದಲಾದ ನಿಯಮ

ಕೇರಳದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ‘ಕೀಮ್’ನಲ್ಲೂ 50:50 ಸೂತ್ರವೇ ಇದೆ. ಆದರೆ ಅಲ್ಲಿ ಹನ್ನೆರಡನೇ ತರಗತಿಯ ಅಂಕವನ್ನು ಇದ್ದಂತೆಯೇ ಸೇರಿಸುವುದಿಲ್ಲ. ರಾಜ್ಯ ಬೋರ್ಡ್, ಸಿಬಿಎಸ್ಇ, ಐಎಸ್‌ಸಿ ಅಂಕಗಳ ಸರಾಸರಿ ಮತ್ತು ಹರವನ್ನು ಲೆಕ್ಕ ಹಾಕಿ, ಎಲ್ಲವನ್ನೂ ಒಂದೇ ಮಾಪಕಕ್ಕೆ ತಂದು ಸಮೀಕರಿಸಲಾಗುತ್ತಿತ್ತು. ಅಂಕವನ್ನು ಧಾರಾಳವಾಗಿ ಕೊಡುವ ಬೋರ್ಡಿನವರಿಗೆ ಈ ಸಮೀಕರಣದಲ್ಲಿ ಅಂಕ ಇಳಿಯುತ್ತಿತ್ತು. ರಾಜ್ಯ ಪಠ್ಯಕ್ರಮದ ವಿದ್ಯಾರ್ಥಿಗಳ ದೀರ್ಘಕಾಲದ ದೂರು ಇದೇ ಆಗಿತ್ತು.

ಆ ದೂರಿಗೆ ಸ್ಪಂದಿಸಿದ ಸರ್ಕಾರ ಸೂತ್ರವನ್ನೇ ಬದಲಿಸಿತು. ಆದರೆ ಬದಲಿಸಿದ್ದು ಪರೀಕ್ಷೆ ಮುಗಿದು ಅಂಕ ಹೊರಬಿದ್ದ ನಂತರ, 2025ರ ಜುಲೈ 1ರಂದು. ರ‍್ಯಾಂಕ್ ಪ್ರಕಟವಾದದ್ದೂ ಅಂದೇ. ಗಣಿತಕ್ಕೆ ಹೆಚ್ಚಿನ ತೂಕ ಸಿಗುವಂತೆ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳಿಗೆ 5:3:2 ಅನುಪಾತ ನಿಗದಿಯಾಯಿತು. ಜುಲೈ 9ರಂದು ಕೇರಳ ಹೈಕೋರ್ಟ್ ಈ ತಿದ್ದುಪಡಿಯನ್ನು ರದ್ದುಮಾಡಿತು, ಮರುದಿನ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು, ಹಳೆಯ ಸೂತ್ರದಂತೆ ಹೊಸ ಪಟ್ಟಿ ಬಂತು. ಮೊದಲ ರ‍್ಯಾಂಕ್ ಸಹಿತ ಸ್ಥಾನಗಳು ಅದಲುಬದಲಾದವು. ಸುಪ್ರೀಂ ಕೋರ್ಟ್ ಆ ವರ್ಷದ ಪ್ರವೇಶದಲ್ಲಿ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಯಾವ ಸೂತ್ರ ಹೆಚ್ಚು ನ್ಯಾಯಯುತ ಎಂಬ ಪ್ರಶ್ನೆಗಿಂತ, ಮಾಹಿತಿ ಪುಸ್ತಿಕೆಯಲ್ಲಿ ಮುದ್ರಿಸಿದ ನಿಯಮವನ್ನು ಪರೀಕ್ಷೆಯ ನಂತರ ಬದಲಿಸಬಹುದೇ ಎಂಬುದು ಅಲ್ಲಿ ನಿರ್ಣಾಯಕವಾಯಿತು.

ಕರ್ನಾಟಕದಲ್ಲಿ ಇಂಥ ಸಮೀಕರಣವಿಲ್ಲ. ಪಿಯುಸಿಯ ಶೇ 92, ಸಿಬಿಎಸ್ಇಯ ಶೇ 92, ಐಎಸ್‌ಸಿಯ ಶೇ 92 ಇವೆಲ್ಲವೂ ಕೆಇಎ ಲೆಕ್ಕದಲ್ಲಿ ಒಂದೇ. ಕಾಸರಗೋಡಿನ ಗಡಿನಾಡು ಕನ್ನಡಿಗ ವಿದ್ಯಾರ್ಥಿಯೊಬ್ಬರು ಎರಡೂ ರಾಜ್ಯಗಳ ಪರೀಕ್ಷೆ ಬರೆದರೆ, ಒಂದೇ ಅಂಕಪಟ್ಟಿ ತಿರುವನಂತಪುರದ ಲೆಕ್ಕದಲ್ಲಿ ಒಂದು ಬೆಲೆಯನ್ನೂ ಬೆಂಗಳೂರಿನ ಲೆಕ್ಕದಲ್ಲಿ ಇನ್ನೊಂದು ಬೆಲೆಯನ್ನೂ ಪಡೆಯುತ್ತದೆ. ಸರಳ ಲೆಕ್ಕಕ್ಕೆ ಒಂದು ಅನುಕೂಲವಿದೆ: ವಿದ್ಯಾರ್ಥಿ ಮನೆಯಲ್ಲೇ ಕೂತು ತನ್ನ ಅಂತಿಮ ಅಂಕವನ್ನು ಕಂಡುಕೊಳ್ಳಬಹುದು. ಆದರೆ ಬೋರ್ಡುಗಳ ನಡುವಿನ ಧಾರಾಳತನದ ವ್ಯತ್ಯಾಸವನ್ನು ಅದು ಕಣ್ಣುಮುಚ್ಚಿ ಒಪ್ಪಿಕೊಂಡಂತಾಗುತ್ತದೆ.

ಬೇರೆಡೆ ಹಿಡಿದ ದಾರಿಗಳು

ತಮಿಳುನಾಡು 2006ರ ಕಾನೂನಿನ ಮೂಲಕ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟಿತು. ಹನ್ನೆರಡನೇ ತರಗತಿಯ ಗಣಿತಕ್ಕೆ 100, ಭೌತವಿಜ್ಞಾನ ಮತ್ತು ರಸಾಯನವಿಜ್ಞಾನಕ್ಕೆ ತಲಾ 50, ಹೀಗೆ 200ಕ್ಕೆ ಕಟ್‌ಆಫ್ ಲೆಕ್ಕ ಹಾಕಲಾಗುತ್ತದೆ. ಕೋಚಿಂಗ್‌ಗೆ ದುಡ್ಡಿಲ್ಲದ ಗ್ರಾಮೀಣ ವಿದ್ಯಾರ್ಥಿಗಳಿಗೆ ನ್ಯಾಯ ಸಿಗಲಿ ಎಂಬುದು ಅದರ ಹಿಂದಿನ ತರ್ಕ. ತೆಲಂಗಾಣ ಹಿಡಿದದ್ದು ನೇರ ವಿರುದ್ಧ ದಾರಿ. ಪ್ರವೇಶ ಪರೀಕ್ಷೆಯಾದ ಎಂಸೆಟ್‌ಗೆ ಶೇ 75, ಇಂಟರ್‌ಮೀಡಿಯಟ್ ಅಂಕಕ್ಕೆ ಶೇ 25 ಎಂಬ ಹಳೆಯ ಪದ್ಧತಿಯನ್ನು ಕೋವಿಡ್ ವರ್ಷಗಳಲ್ಲಿ ತಡೆಹಿಡಿದ ಅದು 2023ರಲ್ಲಿ ಆ ಶೇ 25ನ್ನು ಶಾಶ್ವತವಾಗಿ ತೆಗೆಯಿತು. ಅದೇ ವರ್ಷ ಆಂಧ್ರಪ್ರದೇಶ ಅದನ್ನು ಮರಳಿ ತಂದಿತು. ಒಂದೇ ಭಾಷೆಯ, ಒಂದು ಕಾಲಕ್ಕೆ ಒಂದೇ ಪರೀಕ್ಷೆಯ ಎರಡು ರಾಜ್ಯಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದಿವೆ.

ರಾಷ್ಟ್ರಮಟ್ಟದಲ್ಲೂ ಲೋಲಕ ಆಚೀಚೆ ತೂಗಿದೆ. 2013ರಿಂದ 2016ರವರೆಗೆ ಜೆಇಇ ಮೇನ್ ರ‍್ಯಾಂಕಿನಲ್ಲಿ ಬೋರ್ಡ್ ಅಂಕಗಳಿಗೆ ಶೇ 40ರಷ್ಟು ತೂಕವಿತ್ತು. ಹತ್ತಾರು ಬೋರ್ಡುಗಳ ಅಂಕಗಳನ್ನು ಸಮೀಕರಿಸುವ ತಲೆನೋವಿನಿಂದಾಗಿ 2017ರಲ್ಲಿ ಅದನ್ನು ಬಿಟ್ಟು, ಬೋರ್ಡ್ ಅಂಕವನ್ನು ಕನಿಷ್ಠ ಅರ್ಹತೆಯ ಮಟ್ಟಕ್ಕೆ ಇಳಿಸಲಾಯಿತು. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳ ಕಟ್‌ಆಫ್ 2021ರಲ್ಲಿ ಶೇ 100 ಮುಟ್ಟಿತು. ಮರುವರ್ಷ ಬಂದ ಸಿಯುಇಟಿ ಎಂಬ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಬೋರ್ಡ್ ಅಂಕಗಳನ್ನು ಬದಿಗೆ ಸರಿಸಿತು. ಅಮೆರಿಕದಲ್ಲಿ ಕೋವಿಡ್ ಕಾಲದಲ್ಲಿ ಎಸ್ಎಟಿ ಪರೀಕ್ಷೆಯನ್ನು ಐಚ್ಛಿಕಗೊಳಿಸಿದ್ದ ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಯೇಲ್, ಹಾರ್ವರ್ಡ್‌ಗಳು 2024ರಲ್ಲಿ ಅದನ್ನು ಮತ್ತೆ ಕಡ್ಡಾಯದ ಕಡೆಗೆ ತಂದವು. ಸೌಲಭ್ಯಗಳಿಲ್ಲದ ಶಾಲೆಯಿಂದ ಬಂದ ಪ್ರತಿಭೆಯನ್ನು ಗುರುತಿಸಲು ಪರೀಕ್ಷೆಯ ಅಂಕ ನೆರವಾಗುತ್ತದೆ ಎಂದು ಎಂಐಟಿ ವಾದಿಸಿತು. ತಮಿಳುನಾಡು ಪ್ರವೇಶ ಪರೀಕ್ಷೆಯನ್ನು ತೆಗೆದದ್ದೂ ಅದೇ ಬಡ ಪ್ರತಿಭಾವಂತರ ಹೆಸರಿನಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು.

ತೂಕ ಎತ್ತಲೋ ಕೋಚಿಂಗ್ ಅತ್ತ

ಬೋರ್ಡ್ ಅಂಕದ ಪರ ಇರುವವರು ಎರಡು ವರ್ಷಗಳ ನಿರಂತರ ಓದು, ಪ್ರಯೋಗಾಲಯದ ಕೆಲಸ, ವಿವರಣಾತ್ಮಕ ಉತ್ತರ ಬರೆಯುವ ಸಾಮರ್ಥ್ಯ ಇವು ಕೆಲವೇ ಗಂಟೆಗಳ ಒಎಂಆರ್ ಪರೀಕ್ಷೆಯಲ್ಲಿ ಕಾಣುವುದಿಲ್ಲ ಎನ್ನುತ್ತಾರೆ. ಪ್ರವೇಶ ಪರೀಕ್ಷೆಯ ಪರ ಇರುವವರು ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೌಲ್ಯಮಾಪನ ಇರುವುದು ಅಲ್ಲಿ ಮಾತ್ರ ಎನ್ನುತ್ತಾರೆ. ಎರಡೂ ಮಾತು ನಿಜ. ಆದರೆ ಪ್ರವೇಶ ಪರೀಕ್ಷೆ ತೆಗೆದರೆ ಕೋಚಿಂಗ್ ಹಾವಳಿ ನಿಲ್ಲುತ್ತದೆ ಎಂಬ ನಿರೀಕ್ಷೆಯನ್ನು ಅನುಭವ ಸಮರ್ಥಿಸುವುದಿಲ್ಲ. ತಮಿಳುನಾಡಿನ ನಾಮಕ್ಕಲ್ ಪ್ರದೇಶದ ವಸತಿ ಶಾಲೆಗಳು ಬೋರ್ಡ್ ಪರೀಕ್ಷೆಯನ್ನೇ ಕಂಠಪಾಠದ ಉದ್ಯಮವಾಗಿಸಿದವು. ಹನ್ನೊಂದನೇ ತರಗತಿಯ ಪಾಠಗಳನ್ನು ಬಿಟ್ಟು ಎರಡೂ ವರ್ಷ ಹನ್ನೆರಡರದ್ದನ್ನೇ ಉರುಹೊಡೆಸುವ ಶಾಲೆಗಳನ್ನು ದಾರಿಗೆ ತರಲು 2017-18ರಲ್ಲಿ ಹನ್ನೊಂದಕ್ಕೂ ಸಾರ್ವಜನಿಕ ಪರೀಕ್ಷೆ ತರಬೇಕಾಯಿತು.

ಪ್ರವೇಶ ಪರೀಕ್ಷೆಯೊಂದಕ್ಕೇ ಬೆಲೆ ಕೊಟ್ಟಾಗ ಆಗುವುದು ಇದರ ತದ್ವಿರುದ್ಧ. ಹೆಸರು ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ, ಓದು ಕೋಚಿಂಗ್ ಕೇಂದ್ರದಲ್ಲಿ ಎಂಬ ‘ಡಮ್ಮಿ ಶಾಲೆ’ಗಳು ಬೆಳೆಯುತ್ತವೆ, ಅವುಗಳನ್ನು ಹಿಡಿಯಲು ಸಿಬಿಎಸ್ಇ ದಿಢೀರ್ ತಪಾಸಣೆಗಳನ್ನು ನಡೆಸಬೇಕಾಗಿ ಬಂದಿದೆ. ಈ ದೃಷ್ಟಿಯಿಂದ ನೋಡಿದರೆ ಕರ್ನಾಟಕದ 50:50 ವಿದ್ಯಾರ್ಥಿಯನ್ನು ಕನಿಷ್ಠಪಕ್ಷ ಪಿಯು ತರಗತಿಯಲ್ಲಿ ಕೂರಿಸುತ್ತದೆ. ಹೆಸರುವಾಸಿ ಕಾಲೇಜುಗಳ ಸಾಲಿನಲ್ಲಿ ಪಿಯು ಅಂಕದ ನಿಜವಾದ ಪ್ರಭಾವ ಚಿಕ್ಕದಾದರೂ, ನಾಲ್ಕೈದು ಅಂಕದ ಭಯ ಅಲ್ಲಿಯೂ ಕೆಲಸ ಮಾಡುತ್ತದೆ.

ಮುಂದೆ ಕಾದಿರುವ ತೊಡಕುಗಳು

2022ರ ಸಮಸ್ಯೆ ಕೋವಿಡ್‌ನೊಂದಿಗೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ದ್ವಿತೀಯ ಪಿಯು ಫಲಿತಾಂಶ 2024ರಲ್ಲಿ ಶೇ 81.15 ಇದ್ದದ್ದು 2025ರಲ್ಲಿ ಶೇ 73.45ಕ್ಕೆ ಇಳಿಯಿತು. ತೇರ್ಗಡೆಯ ಪ್ರಮಾಣ ಕುಸಿದರೆ ಮೇಲ್ತುದಿಯ ಅಂಕಗಳೂ ಅಷ್ಟೇ ಕುಸಿಯಬೇಕೆಂದಿಲ್ಲ. ಆದರೆ ಒಂದು ವರ್ಷದ ಪಿಯು ಅಂಕ ಇನ್ನೊಂದು ವರ್ಷದ್ದಕ್ಕೆ ಸಮವೆಂದು ಹೇಳಲು ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ರಿಪೀಟರ್‌ಗಳು ತಮ್ಮ ಹಳೆಯ ಪಿಯು ಅಂಕವನ್ನು ಹೊತ್ತೇ ಹೊಸ ಪಟ್ಟಿಗೆ ಬರುತ್ತಾರೆ. ಸುಲಭ ವರ್ಷದಲ್ಲಿ ಪಿಯು ಮುಗಿಸಿದವರಿಗೆ ಅದು ವರ, ಕಠಿಣ ವರ್ಷದವರಿಗೆ ಹೊರೆ.

ಇದರ ಜೊತೆಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪಿಯು ಪರೀಕ್ಷೆಗಳು ಬಂದಿವೆ. ಅವುಗಳಲ್ಲಿ ಬಂದ ಅತ್ಯುತ್ತಮ ಅಂಕವನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದು. ಒಂದು ಕೆಟ್ಟ ದಿನದಿಂದ ವರ್ಷವೇ ಹಾಳಾಗಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಹಲವು ಅವಕಾಶಗಳಲ್ಲಿ ಗರಿಷ್ಠವನ್ನು ಆಯ್ದುಕೊಂಡಾಗ ಅಂಕಗಳು ಇನ್ನಷ್ಟು ಮೇಲಕ್ಕೆ ಸರಿದು, ಇನ್ನಷ್ಟು ಒತ್ತಾಗಿ ಕೂರುತ್ತವೆ. ಸಿಇಟಿಗೆ ಎರಡನೆಯ ಅವಕಾಶ ಬೇಕೆಂದರೆ ಮಾತ್ರ ಒಂದು ವರ್ಷ ಕಾಯಬೇಕು. ಹೀಗೆ ಪಿಯು ಅಂಕಗಳ ಹರವು ಕಿರಿದಾದಷ್ಟೂ, ನಿಯಮದ ಒಂದು ಅಕ್ಷರವನ್ನೂ ತಿದ್ದದೆಯೇ, ರ‍್ಯಾಂಕಿನ ಮೇಲೆ ಸಿಇಟಿಯ ಹಿಡಿತ ಬಿಗಿಯಾಗುತ್ತ ಹೋಗುತ್ತದೆ.

ಸಮೀಕರಣವನ್ನು ತರುವುದಾದರೆ ಅದು ಬೋರ್ಡುಗಳ ನಡುವೆ ಮಾತ್ರವಲ್ಲ, ವರ್ಷಗಳ ನಡುವೆಯೂ ಆಗಬೇಕಾಗುತ್ತದೆ. ಆಗ ತನ್ನ ಅಂತಿಮ ಅಂಕವನ್ನು ಮನೆಯಲ್ಲೇ ಕೂಡಿಸಿ ನೋಡುವ ಅನುಕೂಲ ವಿದ್ಯಾರ್ಥಿಯ ಕೈತಪ್ಪುತ್ತದೆ, ಕೇರಳದಲ್ಲಿ ಕೇಳಿಬಂದಂಥ ದೂರುಗಳು ಇಲ್ಲಿಯೂ ಏಳುತ್ತವೆ. ತರದಿದ್ದರೆ ಇಂದಿನ ಅಸಮಾನತೆ ಮುಂದುವರಿಯುತ್ತದೆ. ಯಾವುದನ್ನು ಆರಿಸಿಕೊಂಡರೂ ಆ ಸೂತ್ರ ಮುಂದಿನ ಸಿಇಟಿಯ ಮಾಹಿತಿ ಪುಸ್ತಿಕೆಯಲ್ಲಿ, ಅರ್ಜಿ ಸಲ್ಲಿಕೆ ಶುರುವಾಗುವ ಮುನ್ನವೇ ಅಚ್ಚಾಗಿರಬೇಕು. ಆಮೇಲೆ ಮಾಡುವ ತಿದ್ದುಪಡಿ ಎಷ್ಟೇ ಸದುದ್ದೇಶದ್ದಾಗಿದ್ದರೂ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ ಎಂಬುದನ್ನು 2022ರ ಸೆಪ್ಟೆಂಬರ್ ಮತ್ತು 2025ರ ಜುಲೈ ತೋರಿಸಿವೆ.